ಮಾಳವ್ವ ಕಂಡದ್ದು

"ಯವ್ವಾ, ನೀ ಕಂಡೀದಿ ಅಂತ ನಾ ಹೇಳಿಬಿಟ್ಟೇನಿ," ಎಂದ ಕನಕರಾಜ. "ಈಗ ಸಾಹೇಬರು ಕರೀತಾರ. ಹುಚ್ಚೀರಪ್ಪ ಬೆಂಕಿ ಹಚ್ಚಿ ಓಡಿ ಹೋಗೂದು ನೋಡ್ದೆ ಅನ್ನು. ಅಷ್ಟ ಸಾಕು."

ಮಾಳವ್ವ ಮಗನ ಮುಖ ನೋಡಿದಳು. ಸುದ್ದಿ ಕೇಳಿ ಗಿಣಿಗೇರಾದ ಕಾರ್ಖಾನೆಯಿಂದ ನೇರ ಬಂದವನು ಮುಖವನ್ನೂ ತೊಳೆದಿರಲಿಲ್ಲ. ಕಿವಿಯ ಹಿಂದೆ ಕೆಂಪು ದೂಳು ಹಾಗೇ ಅಂಟಿತ್ತು. ಅವನ ಬೆನ್ನ ಹಿಂದೆ, ನಿನ್ನೆ ಸಂಜೆಯವರೆಗೆ ಪ್ರಾರ್ಥನೆಯ ಮನೆಯಾಗಿದ್ದದ್ದು ಈಗ ಬರೀ ಕರಿ ಗೋಡೆಯಾಗಿ ನಿಂತಿತ್ತು. ಸೊಟ್ಟಗಾದ ತಗಡುಗಳ ಅಡಿಯಿಂದ ಇನ್ನೂ ತೆಳ್ಳಗೆ ಹೊಗೆ ಬರುತ್ತಿತ್ತು. ಪಕ್ಕದಲ್ಲೇ ಪೊಲೀಸರ ಜೀಪು.

ಆ ಊರಲ್ಲಿ ಯೇಸುವನ್ನು ನಂಬಿದವರು ನಾಲ್ಕಾರು ಮನೆಯವರಷ್ಟೇ. ಗಂಡ ಸತ್ತು ಕಂಗೆಟ್ಟು ಕೂತಿದ್ದ ಮಾಳವ್ವ, ಕನಕಗಿರಿ ಸಂತೆಯಲ್ಲಿ ಸಿಕ್ಕ ಗೆಳತಿಯ ಜೊತೆ ಒಮ್ಮೆ ಪ್ರಾರ್ಥನೆಗೆ ಹೋದವಳು ಮತ್ತೆ ಬಿಟ್ಟಿರಲಿಲ್ಲ. ಅಂದಿನಿಂದ ಹುಚ್ಚೀರಪ್ಪ ಅವಳನ್ನು ತನ್ನ ಹೊಲದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ. ಹೋದ ತಿಂಗಳು ಚಹಾದಂಗಡಿಯ ಮುಂದೆ ಎಲ್ಲರೆದುರು ಕನಕರಾಜನ ಕೈಯಿಂದ ಬೈಬಲ್ ಕಸಿದು ಗಟಾರಕ್ಕೆ ಒಗೆದ. ಎದುರು ಮಾತಾಡಿದ್ದಕ್ಕೆ ಕಪಾಳಕ್ಕೆ ಬಾರಿಸಿದ. "ನಿಮ್ಮ ತಗಡಿನ ಗುಡಿ ಎಷ್ಟು ದಿನ ಇರತೈತಿ ನಾನೂ ನೋಡ್ತೀನಿ" ಎಂದು ಅವನು ಕೂಗಿದ್ದನ್ನು ಕೇಳಿದವರು ಬಹಳ ಜನ. ಹಾಗಾಗಿ ಬೆಂಕಿ ಬಿದ್ದೊಡನೆ ಎಲ್ಲರ ಬಾಯಲ್ಲೂ ಅವನದೇ ಹೆಸರು ಬಂತು.

ಆದರೆ ನಿನ್ನೆ ಸಂಜೆ ಹೊಗೆ ಎದ್ದಾಗ ಮಾಳವ್ವ ಕುರಿ ಹೊಡೆದುಕೊಂಡು ಕೆರೆ ಏರಿಯ ಮೇಲೆ ಬರುತ್ತಿದ್ದಳು. ಕೆಳಗೆ ನೀರಲ್ಲಿ ಹುಚ್ಚೀರಪ್ಪ ಒಬ್ಬನೇ ನಿಂತು ಎಮ್ಮೆಯ ಮೈ ತಿಕ್ಕುತ್ತಿದ್ದ. ಅವಳು ಊರ ಕಡೆ ನೋಡಿ ಚೀರಿದಳು. ಅವನೂ ತಲೆಯೆತ್ತಿ ಹೊಗೆಯನ್ನು ನೋಡಿದ. ಆಮೇಲೆ ಏನೂ ಆಗದವನಂತೆ ಎಮ್ಮೆಯ ಬೆನ್ನಿಗೆ ನೀರು ಎರಚಿದ.

"ಅಂವ ಕೆರ್ಯಾಗ ಇದ್ನಪಾ. ಕಣ್ಣಾರೆ ಕಂಡೇನಿ," ಎಂದಳು.

"ಅದು ಯಾರಿಗೆ ಗೊತ್ತೈತಿ? ನಿನಗ, ಅವಗ. ಅಂವ ಹಚ್ಚಿಲ್ಲಂದ್ರ ಅವನ ಮಂದಿ ಹಚ್ಚ್ಯಾರ. ಎರಡೂ ಒಂದ."

"ಎರಡೂ ಒಂದ ಹೆಂಗ ಆಗತೈತಿ?"

"ಅಂವ ನನ್ನ ಹೊಡದಾಗ ಒಬ್ಬರರ ಸಾಕ್ಷಿ ಹೇಳಾಕ ಬಂದ್ರೇನು ಯವ್ವಾ?" ಅವನ ದನಿ ಒಡೆಯಿತು.

ಆ ದಿನ ಮಗ ಉಣ್ಣದೆ, ಗೋಡೆಯತ್ತ ಮುಖ ಮಾಡಿ ಮಲಗಿದ್ದು ಅವಳ ಕಣ್ಣ ಮುಂದೆ ಬಂತು.

ಗಂಗಾವತಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಪಾಸ್ಟರ್ ತಿರುಮಲೇಶ ಹತ್ತಿರ ಬಂದರು. ಮೆತ್ತಗಿನ ಮನುಷ್ಯ, ಅಳುಕಿನ ಮನುಷ್ಯ. "ಅವ್ವಾ, ಸುಳ್ಳು ಹೇಳ್ರಿ ಅಂತ ನಾ ಅನ್ನಂಗಿಲ್ಲ," ಎಂದು ಪಿಸುಗುಟ್ಟಿದರು. "ಹಚ್ಚಿದವರನ್ನ ಕಂಡಿಲ್ಲ ಅಂದು ಸುಮ್ಮನಾಗ್ರಿ. ಅದು ಖರೇನ ಐತಲ್ರಿ. ಉಳದದ್ದು ಪೊಲೀಸರು ನೋಡ್ಕೋತಾರ."

ಆ ಮಾತು ಮಾಳವ್ವನಿಗೆ ತಂಪಾಗಿ ತಾಗಿತು. ಸುಳ್ಳು ಹೇಳಿದಂತಾಗುವುದಿಲ್ಲ, ಮಗನನ್ನೂ ಕೈಬಿಟ್ಟಂತಾಗುವುದಿಲ್ಲ.

"ಏ ಯಮ್ಮಾ, ಬಾ ಇಲ್ಲಿ," ಸಾಹೇಬರು ಕರೆದರು. "ನಿನ್ನ ಮಗ ಹೇಳಿದ್ದು ಬ್ಯಾಡ. ನೀ ಏನು ಕಂಡಿ, ಹೇಳು."

ಜೀಪಿನ ಗಾಲಿಯ ಪಕ್ಕ ನೆಲದ ಮೇಲೆ ಹುಚ್ಚೀರಪ್ಪ ಕೂತಿದ್ದ. ಕೆರೆಯಲ್ಲಿದ್ದೆ ಎಂದು ಬೆಳಿಗ್ಗೆಯಿಂದ ಹೇಳಿ ಹೇಳಿ ಅವನ ಗಂಟಲು ಕಟ್ಟಿತ್ತು, ಯಾರೂ ನಂಬಿರಲಿಲ್ಲ. ಏರಿಯ ಮೇಲಿದ್ದವಳು ಇವಳೇ ಎಂಬುದು ಅವನಿಗೆ ಗೊತ್ತಿತ್ತು. ಆದರೂ, ಇವಳು ತನ್ನ ಪರ ಹೇಳಲಾರಳೆಂದೋ ಏನೋ, ಅವಳ ಹೆಸರೆತ್ತಿರಲಿಲ್ಲ. ಈಗಲೂ ತಲೆಯೆತ್ತಿ ನೋಡಲಿಲ್ಲ.

"ಬೆಂಕಿ ಹಚ್ಚಿದವರನ್ನ ನಾ ಕಂಡಿಲ್ರಿ," ಎಂದಳು ಮಾಳವ್ವ.

ಪಾಸ್ಟರು ಉಸಿರು ಬಿಟ್ಟರು. ಕನಕರಾಜ ಹಲ್ಲು ಕಚ್ಚಿದ. ಸಾಹೇಬರು ಹುಚ್ಚೀರಪ್ಪನ ಕಡೆ ತಿರುಗಿ, "ಏಳಲೇ, ಸ್ಟೇಷನ್ನ್ಯಾಗ ಮಾತಾಡೂಣು," ಎಂದರು. ಪೇದೆ ಅವನ ರಟ್ಟೆ ಹಿಡಿದು ಎಬ್ಬಿಸಿದ. ಅಷ್ಟು ದೊಡ್ಡ ಆಳು, ಜೀಪು ಹತ್ತುವಾಗ ಎಡವಿದ.

"ತಡೀರಿ ಸಾಹೇಬರ."

ತನ್ನ ದನಿಯೇ ಅವಳಿಗೆ ಬೇರೆಯವರದೆನ್ನಿಸಿತು. "ಹೊಗಿ ಎದ್ದಾಗ ಈಂವ ಕೆರ್ಯಾಗ ಎಮ್ಮಿ ತೊಳ್ಯಾಕ ಹತ್ತಿದ್ದ. ನಾ ಏರಿ ಮ್ಯಾಲಿದ್ದೆ. ಇಬ್ಬರೂ ಕೂಡೇ ಹೊಗಿ ನೋಡೇವ್ರಿ."

"ಹಂಗಾರ ನಿನ್ನ ಮಗ ಸುಳ್ಳು ಹೇಳ್ಯಾನೇನು? ಅವನ ಮ್ಯಾಲ ಕೇಸ್ ಆಗತೈತಿ, ಗೊತ್ತೈತಿಲ್ಲೋ?"

ಮಾಳವ್ವ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಅಂವಗ ಸಿಟ್ಟು ಬಂದೈತ್ರಿ. ಹೊಡ್ತ ತಿಂದ ಹುಡುಗ ರೀ. ಕೇಸ್ ಹಾಕೂದಿದ್ರ ನನ್ನ ಮ್ಯಾಲ ಹಾಕ್ರಿ. ಆದ್ರ ನಾ ಕಂಡದ್ದು ಇಷ್ಟ ರೀ."

ಸಾಹೇಬರು ಕನಕರಾಜನನ್ನು ಕರೆದು ಮಂದಿಯ ಮುಂದೆಯೇ ಬೈದು, ಕೇಸ್ ಹಾಕದೆ ಬಿಟ್ಟರು. ಪೇದೆ ಕೈಬಿಟ್ಟೊಡನೆ ಹುಚ್ಚೀರಪ್ಪ ಧೋತರದ ಮಣ್ಣು ಝಾಡಿಸಿಕೊಂಡು, ಯಾರನ್ನೂ ನೋಡದೆ ಮನೆ ಕಡೆ ನಡೆದ. ಜೀಪು ಹೋದ ಮೇಲೆ, ಪ್ರಾರ್ಥನೆಯಲ್ಲಿ ಸದಾ ಅವಳ ಪಕ್ಕದಲ್ಲೇ ಕೂತು ಹಾಡುತ್ತಿದ್ದ ಅಮರಮ್ಮ, "ನಮ್ಮಾಕಿ ಅಂತ ತಿಳದಿದ್ವಿ ನೋಡು," ಎಂದು ನೆಲಕ್ಕೆ ಉಗುಳಿದಳು. ಕನಕರಾಜ ಮನೆಗೂ ಬಾರದೆ ಗಿಣಿಗೇರಾದ ಬಸ್ಸು ಹಿಡಿದ. ಬೆಂಕಿ ಯಾರಿಂದ ಬಿತ್ತೆಂಬುದು ಪೊಲೀಸರಿಗೂ ತಿಳಿಯಲಿಲ್ಲ.

ಭಾನುವಾರ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ಪ್ರಾರ್ಥನೆ ನಡೆಸಿದರು. ಹೆಂಗಸರು ಒತ್ತೊತ್ತಾಗಿ ಕೂತು, ಮಾಳವ್ವನ ಸುತ್ತ ಜಾಗ ಬಿಟ್ಟರು. ಅವಳು ಎದ್ದು ಹೋಗಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಕನಕರಾಜ ಬಂದ. ತಾಯಿಯ ಕಡೆ ನೋಡದೆ ಗಂಡಸರ ಸಾಲಿನ ಕೊನೆಯಲ್ಲಿ ಕೂತ.

ಎಲ್ಲರೂ ಎದ್ದು ನಿಂತು ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳತೊಡಗಿದರು. ಮಾಳವ್ವ ಕಣ್ಣು ಮುಚ್ಚಿದ್ದಳು. ಆದರೂ ಅಷ್ಟು ದನಿಗಳ ನಡುವೆ ಮಗನ ಒರಟು ದನಿ ಅವಳಿಗೆ ಬೇರೆಯಾಗಿ ಕೇಳುತ್ತಿತ್ತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಮಾತು ಬಂದಾಗ ಆ ದನಿ ನಿಂತಿತು. ಅವಳೂ ಅಲ್ಲೇ ಹೇಳುವುದನ್ನು ನಿಲ್ಲಿಸಿದಳು. ಉಳಿದವರು ಮುಂದೆ ಹೇಳಿ ಮುಗಿಸಿದರು, ಆಮೆನ್ ಅಂದರು, ಗೋಣಿತಟ್ಟು ಮಡಚತೊಡಗಿದರು. ಮಾಳವ್ವ ಕಣ್ಣು ತೆರೆಯಲಿಲ್ಲ. ಆ ಮಾತಿನ ಹತ್ತಿರವೇ, ತುಟಿ ಅರ್ಧ ತೆರೆದು, ಮಗನ ದನಿಗೆ ಕಾಯುತ್ತ ನಿಂತಿದ್ದಳು.