ಹಳದಿ ಮಾತ್ರೆ

"ಹಿಂಡೇ, ಗಟ್ಟಿಯಾಗಿ ಹಿಂಡು. ಮುಕ್ಕೋಕೆ ಮಾತ್ರ ಕೈಗೆ ಬಲ ಬರುತ್ತಾ, ದರಿದ್ರ ಮುಂಡೆ?"

ವಾರ್ಡನ್ ಮೇಡಂ ಬೈಯುತ್ತಿದ್ದುದು ಅಲ್ಲಿದ್ದ ಹೆಂಗಸರಲ್ಲೇ ಹಿರಿಯಳಾದ ಅಜ್ಜಿಗೆ. ಒದ್ದೆ ಬೆಡ್‌ಶೀಟಿನ ಒಂದು ತುದಿ ಅಜ್ಜಿಯ ಕೈಯಲ್ಲಿ, ಇನ್ನೊಂದು ತುದಿ ಕಂಡಕ್ಟರಮ್ಮನ ಕೈಯಲ್ಲಿ. ತಿರುಚಿದರೆ ಲಾಡ್ಜಿನಲ್ಲಿ ಮಲಗಿ ಎದ್ದವರ ಕೊಳೆಯೆಲ್ಲ ಇಬ್ಬರ ಕಾಲ ಮೇಲೆ ಇಳಿಯುತ್ತಿತ್ತು. ಬ್ಲೀಚಿಂಗ್ ಪುಡಿಗೆ ಬೆರಳ ಸಂದುಗಳು ಬಿರಿದು, ಊಟಕ್ಕೆ ಕೂತರೆ ಉಪ್ಪು ತಾಗಿ ಉರಿ. ಇದಕ್ಕೆ ಕೂಲಿ ಇಲ್ಲ. ಇದು ಕೆಲಸವಲ್ಲ, ಚಿಕಿತ್ಸೆ ಎಂದು ಮೇಡಂ ನೋಡಲು ಬಂದವರಿಗೆಲ್ಲ ಬೆಣ್ಣೆಯಂಥ ಮಾತಿನಲ್ಲಿ ಹೇಳುತ್ತಿದ್ದಳು. ಗೇಟಿನ ಪಕ್ಕದ ಗೋಡೆಯ ಮೇಲೆ, ಇದು ಆಸ್ಪತ್ರೆಯಲ್ಲ, ನಿಮ್ಮದೇ ಮನೆ ಎಂದು ಬರೆಸಿಯೂ ಇದ್ದಳು. ಅಂಥ ಮನೆ ಹಗೆಯವರಿಗೂ ಬೇಡ.

ಕಂಡಕ್ಟರಮ್ಮನಿಗೆ ಕಾಯಿಲೆ ಬಂದದ್ದು ಸುಳ್ಳಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗಲೇ, ಎಂದೋ ಇಳಿದುಹೋದ ಪ್ರಯಾಣಿಕರೆಲ್ಲ ಅವಳ ಕಿವಿಯೊಳಗೆ ಹತ್ತಿ ಕೂತು ಬೈಯತೊಡಗಿದ್ದರು. ದೊಡ್ಡಾಸ್ಪತ್ರೆಯ ಬಿಳಿ ಮಾತ್ರೆ ಅವರನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸಿತು. ಆ ಬಿಳಿ ಮಾತ್ರೆಯ ಮೇಲೆ ಅವಳಿಗೆ ಪೂರ್ತಿ ನಂಬಿಕೆ, ಒಂದು ದಿನವೂ ತಪ್ಪಿಸಿದವಳಲ್ಲ. ಮನೆಗೆ ಹೋಗುವ ಮೊದಲು ಸ್ವಲ್ಪ ಕಾಲ ಇಂಥ ಕಡೆ ಇದ್ದು ಅಡುಗೆ ಮಾಡುವುದು, ಅಂಗಡಿಗೆ ಹೋಗಿಬರುವುದು, ನಾಲ್ಕು ಜನರ ಜೊತೆ ಬೆರೆಯುವುದು ಮತ್ತೆ ರೂಢಿಯಾಗಲಿ ಎಂದು ದೊಡ್ಡಾಸ್ಪತ್ರೆಯವರೇ ಇಲ್ಲಿಗೆ ಕಳಿಸಿದ್ದರು. ಬಂದವಳಿಗೆ ರೂಢಿಯಾದದ್ದು ಬಟ್ಟೆ ಒಗೆಯುವ ಕಲ್ಲು.

ಹಳದಿ ಮಾತ್ರೆ ಇಲ್ಲಿಯದು. ಅದು ದಿನವೂ ಇರುವುದಿಲ್ಲ. ಡಾಕ್ಟರು ಬರುವ ದಿನ ಬೆಳಗ್ಗೆ, ಅದೂ ಚೆನ್ನಾಗಿ ಬಟ್ಟೆ ಒಗೆಯುವವರಿಗೆ ಮಾತ್ರ. ಅಜ್ಜಿ ಇವತ್ತು ಅದನ್ನು ನುಂಗಿದ್ದಳು, ಅದಕ್ಕೇ ಕೈ ಸಡಿಲಾಗಿತ್ತು. ಕಳೆದ ಸಲ ಕಂಡಕ್ಟರಮ್ಮನೂ ನುಂಗಿ ಡಾಕ್ಟರ ಎದುರು ಕೂತಿದ್ದಳು. ನಾಲಿಗೆ ಊದಿಕೊಂಡಂತಾಗಿ, ಹೆಸರು ಕೇಳಿದರೆ ಅರ್ಧವೇ ಹೊರಬಂದಿತ್ತು, ಇನ್ನರ್ಧ ಜೊಲ್ಲಾಗಿ ಕುತ್ತಿಗೆಗೆ ಇಳಿದಿತ್ತು. ಪಾಪ, ಇನ್ನೂ ಕೆಲವು ತಿಂಗಳು ಇರಲಿ ಎಂದು ಡಾಕ್ಟರು ಎದ್ದರು. ಮೇಡಂ ಹೆತ್ತ ತಾಯಿಯ ಹಾಗೆ ಅವಳ ಬಾಯಿ ಒರೆಸಿದಳು. ಗೇಟಿನ ಆಚೆ ನಿಂತು ನೋಡುತ್ತಿದ್ದ ಕಂಡಕ್ಟರಮ್ಮನ ಮಗಳು ಹೆದರಿ ಚಿಕ್ಕಮ್ಮನ ಹಿಂದೆ ಸರಿದಿದ್ದಳು.

ಇವತ್ತೂ ಅವಳ ಮಗಳ ಕೈ ಹಿಡಿದುಕೊಂಡು ತಂಗಿ ಗೇಟಿನ ಆಚೆ ನಿಂತಿದ್ದಾಳೆ. ಡಾಕ್ಟರು ಹೂಂ ಅಂದರೆ ಇಂದೇ ಮಗಳ ಜೊತೆ ಮನೆಗೆ. ಇಲ್ಲದಿದ್ದರೆ ತಂಗಿಯಾದರೂ ಎಷ್ಟು ಸಲ ಅಂತ ಬಂದಾಳು? ಅವಳ ಗಂಡ ಆಗಲೇ ಮುಖ ಗಂಟಿಕ್ಕಿದ್ದಾನಂತೆ. ಹಾಗಾಗಿ ಬೆಳಗ್ಗೆ ಮೇಡಂ ಎದುರಿಗೇ ಕಂಡಕ್ಟರಮ್ಮ ಹಳದಿ ಮಾತ್ರೆಯನ್ನು ದವಡೆಯ ಸಂದಿಗೆ ತಳ್ಳಿ ಬರೀ ನೀರು ನುಂಗಿದ್ದಳು. ಆಮೇಲೆ ಉಗುಳಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಅದು ಈಗ ಅವಳ ಮುಷ್ಟಿಯಲ್ಲಿತ್ತು.

ಅವಳ ಸರದಿ ಬಂತು, ಡಾಕ್ಟರು ಕೂತಿದ್ದ ಕೋಣೆಗೆ ಹೋಗಿ ಎದುರು ಕೂತಳು. ಡಾಕ್ಟರು, ಹೇಗಿದ್ದಾಳೆ ಎಂದು ಮೇಡಂ ಮುಖ ನೋಡಿ ಕೇಳಿದರು. ರಾತ್ರಿಯೆಲ್ಲ ಒಬ್ಬಳೇ ಮಾತಾಡುತ್ತಾಳೆ, ಆದರೂ ನಮ್ಮ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೇವೆ ಎಂದಳು ಮೇಡಂ.

"ನನ್ನನ್ನೇ ಕೇಳಿ ಡಾಕ್ಟ್ರೇ. ನಂಗೂ ಬಾಯಿದೆ."

ಅವಳು ತನ್ನ ಹೆಸರು ಹೇಳಿದಳು, ಮಗಳ ಹೆಸರು ಹೇಳಿದಳು, ತನ್ನ ಬಸ್ಸು ನಿಲ್ಲುತ್ತಿದ್ದ ಸ್ಟಾಪುಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು. ಡಾಕ್ಟರು ಮೊದಲ ಸಲ ಅವಳ ಕಡೆ ತಿರುಗಿ ಕೂತರು. ಅವಳಿಗೆ ಆಸೆ ಹುಟ್ಟಿತು. ಆ ಆಸೆಯಲ್ಲೇ ಮುಷ್ಟಿ ಬಿಚ್ಚಿದಳು. ಬೆವರಿಗೆ ಬಣ್ಣ ಬಿಟ್ಟು ಅಂಗೈ ಹಳದಿಯಾಗಿತ್ತು.

"ಹೋದ ಸಲ ಇದನ್ನ ನುಂಗ್ಸಿದ್ರು, ಅದಕ್ಕೇ ಮಾತು ಬರ್ಲಿಲ್ಲ. ನೀವು ಬರೋ ದಿನ ಮಾತ್ರ ಕೊಡ್ತಾರೆ. ನಾವು ವಾಸಿಯಾಗಿ ಹೋದ್ರೆ ಲಾಡ್ಜಿನ ಶೀಟು ಇವ್ರಪ್ಪ ಒಗೀತಾನಾ?"

ಮೇಡಂ ಕಣ್ಣಲ್ಲಿ ನೀರು ತಂದುಕೊಂಡು, ತುಂಬ ಹಾರಾಡಿದರೆ ಕೊಡಿ ಅಂತ ನೀವೇ ಬರೆದುಕೊಟ್ಟದ್ದಲ್ಲವೇ ಎಂದು ಡಾಕ್ಟರಿಗೆ ನೆನಪಿಸಿದಳು. ಡಾಕ್ಟರು ಮಾತ್ರೆ ನೋಡಿದರು, ಗಡಿಯಾರ ನೋಡಿದರು. ಮಾತ್ರೆ ಬಚ್ಚಿಡುವುದು, ಕೊಟ್ಟವರ ಮೇಲೇ ಅನುಮಾನ ಪಡುವುದು, ಇದೆಲ್ಲ ಕಾಯಿಲೆ ಮರಳುವ ಲಕ್ಷಣ ಎಂದು ಮೆತ್ತಗೆ ಹೇಳಿದರು.

"ಇನ್ಮೇಲೆ ಇದನ್ನ ದಿನಾ ಎರಡು ಹೊತ್ತು ಕೊಡಿ. ನುಂಗಿದ್ಲಾ ಅಂತ ಬಾಯಿ ತೆರೆಸಿ ನೋಡಿ."

ಮೇಡಂ ಆಳುಗಳನ್ನು ಕರೆಯಲು ಹೊರಗೆ ಹೋದಳು. ಅದೇ ಹೊತ್ತಿಗೆ ಅಜ್ಜಿ ಒದ್ದೆ ಸೀರೆಯಲ್ಲೇ ಒಳಗೆ ಬಂದು, ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಬರೀ ಜೊಲ್ಲು. ಡಾಕ್ಟರು ಮುಖ ತಿರುಗಿಸಿದರು.

ಅದನ್ನು ನೋಡಿ ಕಂಡಕ್ಟರಮ್ಮ ಎದ್ದು ಬಾಗಿಲು ಮುಚ್ಚಿ ಚಿಲಕಕ್ಕೆ ಕೈ ಹಾಕಿದಳು. ಇದನ್ನು ಹಾಕಿದರೆ ತಂಗಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ, ಮಗಳು ಕೈಬಿಟ್ಟು ಹೋದ ಹಾಗೇ. ಗೊತ್ತಿತ್ತು. ಗೊತ್ತಿದ್ದೇ ಹಾಕಿದಳು. ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಳು.

"ಏನಮ್ಮಾ ಇದು? ಬಾಗಿಲು ತೆಗಿ."

ಅವಳು ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಡಾಕ್ಟರ ಮುಂದಿಟ್ಟಳು. ಪಕ್ಕದಲ್ಲಿ ಮಾತ್ರೆಯಿದ್ದ ತನ್ನ ಅಂಗೈ ಚಾಚಿದಳು.

"ಅನುಮಾನ ಅಂದ್ರಲ್ಲ. ನೀವೊಂದು ನುಂಗಿ. ಆಮೇಲೆ ನಿಮ್ಮ ಹೆಸರು ಹೇಳಿ ಡಾಕ್ಟ್ರೇ. ಪೂರ್ತಿ ಹೇಳಿಬಿಟ್ರೆ ನಾನೇ ಹೋಗಿ ಕಲ್ಲಿನ ಮುಂದೆ ನಿಲ್ತೀನಿ, ಸಾಯೋ ತನಕ."

ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಗೋಡೆಗೆ ಅಂಟಿ ನಿಂತರು. ಅಂಗಳದಲ್ಲಿ ಬಟ್ಟೆ ಬಡಿಯುವ ಸದ್ದು ಪೂರ್ತಿ ನಿಂತಿತ್ತು. ಆಳುಗಳು ಹೊರಗಿನಿಂದ ಬಾಗಿಲಿಗೆ ಒದೆಯತೊಡಗಿದರು. ಒಂದೊಂದು ಒದೆತಕ್ಕೂ ಅಜ್ಜಿಯ ಮೈ ಮುಂದಕ್ಕೆ ಎಗರಿ ಮತ್ತೆ ಬಾಗಿಲಿಗೆ ಒರಗುತ್ತಿತ್ತು. ಚಿಲಕದ ಒಂದು ಮೊಳೆ ಕಿತ್ತು ನೆಲಕ್ಕೆ ಬಿತ್ತು.

"ನುಂಗಿ," ಎಂದಳು ಕಂಡಕ್ಟರಮ್ಮ.