ಬಾಗಿಯ ಮದುವೆಯ ದಿನ

ಈ ಕತೆಯನ್ನು ಹೇಳುವ ಮೊದಲು ಕ್ಷಮೆ ಕೇಳಬೇಕು. ಮಕ್ಕಳ ಕಣ್ಣಿಗೆ ಬೀಳಬಾರದೆಂದು ಹಿರಿಯರು ಬಾಗಿಲು ಹಾಕಿ ನಡೆಸುವ ಒಂದು ಕಾರ್ಯವನ್ನು ಹೀಗೆ ಬಯಲಿಗೆ ತರುವುದು ಸರಿಯೋ ತಪ್ಪೋ, ಎಷ್ಟು ಯೋಚಿಸಿದರೂ ತೀರ್ಮಾನವಾಗಲಿಲ್ಲ. ಯಾರಿಗಾದರೂ ನೋವಾದರೆ ಮನ್ನಿಸಬೇಕು.

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಆಟಿ ತಿಂಗಳು, ಮಳೆ ಸುರಿಯುವ ಕಾಲ. ಬೋಳೂರಿನ ಮೊಗವೀರರ ದೋಣಿಗಳೆಲ್ಲ ದಡ ಹತ್ತಿ ತೆಂಗಿನ ಮಡಲಿನ ಮಾಡಿನಡಿ ಸೇರಿದ್ದವು. ಕಿನ್ನಿಯ ಮನೆಯ ಯಜಮಾನ, ಅವಳ ತಾಯಿಯ ಅಣ್ಣ ನೋಣಯ್ಯ, ಓಲೆಕೊಡೆಯನ್ನು ಗೋಡೆಗೆ ಒರಗಿಸಿ ತಂಗಿ ಮುದ್ದುವಿಗೆ ಮೆಲ್ಲನೆ ಹೇಳಿದ.

"ಹುಡುಗನ ಕಡೆಯವರು ಒಪ್ಪಿದ್ರು. ಬರುವ ಮಂಗಳವಾರ ಧಾರೆ."

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಿನ್ನಿಯ ಕೈ ನಿಂತುಹೋಯಿತು. ಅವಳಿಗೆ ಹತ್ತು ವರ್ಷ. ಆ ಮನೆಯಲ್ಲಿ ಹೆಣ್ಣುಮಗು ಎಂದರೆ ಅವಳೊಬ್ಬಳೇ. ಮಾವ ಅತ್ತ ಹೋದದ್ದೇ ತಾಯಿಯ ಸೆರಗು ಹಿಡಿದುಕೊಂಡು, ತನಗೆ ಮದುವೆ ಬೇಡವೆಂದು ಅತ್ತಳು. ಮುದ್ದುವಿಗೆ ನಗು ಬಂತು.

"ನಿನ್ನನ್ನು ಯಾರು ಕಟ್ಟಿಕೊಳ್ತಾರೆ ಮಾರಾಯ್ತಿ, ಮೂಗು ಒರೆಸ್ಲಿಕ್ಕೆ ಬರುವುದಿಲ್ಲ. ಮದುವೆ ನಿನ್ನ ಅಕ್ಕನಿಗೆ."

"ನನಗೆ ಅಕ್ಕ ಎಲ್ಲಿ ಉಂಟು?"

ಮುದ್ದು ನಗು ನಿಲ್ಲಿಸಿದಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಚೊಚ್ಚಲ ಮಗು ಬಾಗಿ. ಎಂಟು ತಿಂಗಳಿರುವಾಗ ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ಸತ್ತ ಮಕ್ಕಳು ಕೂಡ ತಮ್ಮ ಲೋಕದಲ್ಲಿ ಬೆಳೆಯುತ್ತಾರೆ, ವಯಸ್ಸಿಗೆ ಬಂದಾಗ ಅವರಿಗೂ ಮನೆಯವರೇ ಮದುವೆ ಮಾಡಿಸಬೇಕು. ಬಾಗಿಗೆ ಈಗ ಹದಿನೈದು. ಒಂದು ವರ್ಷದಿಂದ ಮುದ್ದುವಿನ ಕನಸಿನಲ್ಲಿ ತಲೆಗೂದಲು ಬಿಚ್ಚಿಕೊಂಡ ಹುಡುಗಿಯೊಬ್ಬಳು ಹೊಸಿಲಲ್ಲಿ ನಿಲ್ಲುತ್ತಾಳೆ, ಒಳಗೆ ಬರುವುದಿಲ್ಲ. ಜ್ಯೋತಿಷ್ಯ ನೋಡುವ ಬಲ್ಯಾಯರಲ್ಲಿ ಕೇಳಿಸಿದ್ದಕ್ಕೆ, ಮಗಳು ಮದುವೆ ಕೇಳುತ್ತಿದ್ದಾಳೆ ಎಂದರಂತೆ.

ಕಿನ್ನಿ ಹೊಸಿಲಿನ ಕಡೆ ನೋಡಿದಳು. ಇಷ್ಟು ವರ್ಷ ತನ್ನ ಜೊತೆಗೇ ಒಬ್ಬಳು ಬೆಳೆಯುತ್ತಿದ್ದಳೆಂದು ಯಾರೂ ಹೇಳಿರಲಿಲ್ಲ. ತಾಯಿಯ ಹತ್ತಿರಕ್ಕೆ ಸರಿದಳು. ಆದರೂ ಕೇಳಿದಳು: ಹುಡುಗ ಯಾರು?

"ನಮ್ಮೂರಿನ ಅಕ್ಕುವಿನ ಮಗ ಪೂವಪ್ಪ. ನಿನಗೆ ನೆನಪಿರಲಿಕ್ಕಿಲ್ಲ. ಮೂರು ವರ್ಷದ ಹಿಂದೆ ಹೊಳೆ ಪಾಲಾದನಲ್ಲ, ಅವನು."

ಕಿನ್ನಿಗೆ ನೆನಪಿತ್ತು. ಪೂವಪ್ಪ ಸತ್ತಿರಲಿಲ್ಲ. ಊರಿನಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ.

ಮೂರು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲಿನ ದಿನಗಳು ಅವು. ಹಂಚು ತುಂಬಿದ ಮಂಜಿಯೊಂದು, ಆ ವರ್ಷದ ಕೊನೆಯ ಹಾಯಿಹಡಗು, ಬೊಂಬಾಯಿಗೆ ಹೊರಡಲು ಗುರುಪುರ ಹೊಳೆಯ ನಡುವೆ ಲಂಗರು ಹಾಕಿ ನಿಂತಿತ್ತು. ಒಂದು ಸಂಜೆ ಹದಿನಾಲ್ಕರ ಪೂವಪ್ಪ ಏಳು ವರ್ಷದ ಕಿನ್ನಿಯನ್ನು ದಡಕ್ಕೆ ಕರೆದೊಯ್ದು, ಉಟ್ಟ ಮುಂಡನ್ನೂ ಅಂಗಿಯನ್ನೂ ಕಳಚಿ ಅವಳ ಕೈಗೆ ಕೊಟ್ಟಿದ್ದ. ತಾನು ಈಜಿಕೊಂಡು ಹೋಗಿ ಮಂಜಿ ಹತ್ತುತ್ತೇನೆ, ಬಟ್ಟೆಯನ್ನು ಎಲ್ಲಾದರೂ ಅಡಗಿಸಿಡು, ಯಾರಿಗೂ ಹೇಳಬೇಡ, ದೀಪಾವಳಿಗೆ ಬರುವಾಗ ನಿನಗೆ ಗಾಜಿನ ಬಳೆ ತರುತ್ತೇನೆ ಎಂದಿದ್ದ. ಹುಡುಗನ ಬಟ್ಟೆಯನ್ನು ಮನೆಗೆ ತಂದರೆ ಮಾವ ಚರ್ಮ ಸುಲಿಯುತ್ತಾನೆಂದು ಹೆದರಿ, ಅದನ್ನು ಮಡಚಿ ಅಲ್ಲಿಯೇ ಒಂದು ಕಲ್ಲಿನ ಮೇಲಿಟ್ಟು ಅವಳು ಮನೆಗೆ ಓಡಿದ್ದಳು.

ಮರುದಿನ ಊರವರಿಗೆ ಸಿಕ್ಕಿದ್ದು ಆ ಬಟ್ಟೆ. ಮೂರು ದಿನ ಹೊಳೆಯಲ್ಲಿ ಬಲೆ ಎಳೆದರು. ಅಕ್ಕು ದಡದಲ್ಲಿ ಕುಳಿತು ಕೂಗಿದಳು. ಹೇಳಿದರೆ ಪೂವಪ್ಪಣ್ಣನಿಗೆ ಕೊಟ್ಟ ಮಾತು ತಪ್ಪುತ್ತದೆ. ದೀಪಾವಳಿಗೆ ಅವನೇ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ಕಿನ್ನಿ ಕಾದಳು. ಉತ್ತರಕ್ರಿಯೆ ಮುಗಿಯಿತು. ದೀಪಾವಳಿ ಬಂತು, ಹೋಯಿತು. ಹೇಳದ ಮಾತು ದಿನ ಹೋದಂತೆ ದೊಡ್ಡದಾಯಿತು. ಕೊನೆಗೆ ಬಾಯಿಯಿಂದ ಹೊರಗೆ ಬಾರದಷ್ಟು ದೊಡ್ಡದಾಯಿತು.

ಮಂಗಳವಾರ ಬೆಳಿಗ್ಗೆಯೇ ಮಕ್ಕಳನ್ನೆಲ್ಲ ನೆರೆಯ ಅಲೀಮಮ್ಮನ ಮನೆಗೆ ಕಳಿಸಿದರು. ಅಲೀಮಮ್ಮ ರೊಟ್ಟಿ ಸುಟ್ಟು ಕೊಟ್ಟಳು. "ಎಂತ ಕಿನ್ನಿ, ಸ್ವಂತ ಮನೆಯ ಮದುವೆಗೇ ನಿನಗೆ ಎಲೆ ಇಲ್ವಾ?" ಎಂದು ತಮಾಷೆ ಮಾಡಿದಳು. ಕಿನ್ನಿ ರೊಟ್ಟಿಯನ್ನು ಕೆಳಗಿಟ್ಟಳು. ಬದುಕಿರುವವನಿಗೆ ಸತ್ತವಳನ್ನು ಕಟ್ಟಿದರೆ ಅವನು ಉಳಿಯುತ್ತಾನೆಯೇ? ಅಕ್ಕ ಬಂದು ಅವನನ್ನು ತನ್ನ ಕಡೆಗೆ ಕರೆದುಕೊಂಡು ಹೋಗುವುದಿಲ್ಲವೇ? ಅಲೀಮಮ್ಮ ಒಲೆಯ ಕಡೆ ತಿರುಗಿದಾಗ ಎದ್ದು ಮಳೆಯಲ್ಲೇ ಓಡಿದಳು.

ಹಿಂದಿನ ಬಾಗಿಲಿನ ಸಂದಿಯಿಂದ ಒಳಗೆ ಕಂಡಿತು. ಅಕ್ಕಪಕ್ಕ ಎರಡು ಮಣೆ. ಒಂದರ ಮೇಲೆ ಕೆಂಪು ಸೀರೆ, ಕರಿಮಣಿ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಬಿಳಿ ಮುಂಡು, ಶಾಲು, ಮುಂಡಾಸು. ಮಣೆಗಳಲ್ಲಿ ಯಾರೂ ಇರಲಿಲ್ಲ. ಆದರೆ ಹಿರಿಯರೆಲ್ಲ ಜೀವಂತ ಮದುಮಕ್ಕಳ ಎದುರು ಮಾತಾಡುವಂತೆಯೇ ಮಾತಾಡುತ್ತಿದ್ದರು.

"ನಮ್ಮ ಹುಡುಗಿಗೆ ನಾಚಿಕೆ ಜಾಸ್ತಿ, ತಲೆ ಎತ್ತುವುದಿಲ್ಲ ನೋಡಿ," ಎಂದು ನೋಣಯ್ಯ ಹೇಳಿದ. ಎಲ್ಲರೂ ನಕ್ಕರು. ಅಕ್ಕು ಕೂಡ ನಕ್ಕಳು, ಮೂರು ವರ್ಷದಲ್ಲಿ ಮೊದಲ ಸಲ. ಧಾರೆಯ ಚೆಂಬು ಬಾಗಿತು, ನೀರು ಸೀರೆಯ ಮೇಲೆ ಬೀಳತೊಡಗಿತು.

ಕಿನ್ನಿ ಬಾಗಿಲು ತಳ್ಳಿದಳು.

"ಪೂವಪ್ಪಣ್ಣ ಸತ್ತಿಲ್ಲ."

ಚೆಂಬು ಹಿಡಿದ ಕೈ ಹಾಗೆಯೇ ನಿಂತಿತು. ಮಗುವನ್ನು ಹೊರಗೆ ಎಳೆಯಲು ನೋಣಯ್ಯ ಎದ್ದ. ಅಕ್ಕು ಅವನನ್ನು ತಡೆದು ಕಿನ್ನಿಯ ಎದುರು ಕುಳಿತಳು. ಕಿನ್ನಿ ಎಲ್ಲವನ್ನೂ ಹೇಳಿದಳು. ಮಂಜಿ, ಮುಂಡು, ಕಲ್ಲು, ಬಳೆ. ಮೂರು ವರ್ಷ ಹೊರಗೆ ಬಾರದಿದ್ದದ್ದು ಒಂದೇ ಉಸಿರಿನಲ್ಲಿ ಮುಗಿದುಹೋಯಿತು. ಅಕ್ಕು ಬೈಯಲಿಲ್ಲ, ಹೊಡೆಯಲಿಲ್ಲ. ಮೆಲ್ಲನೆ ಒಂದೇ ಮಾತು ಕೇಳಿದಳು.

"ಅವನು ಮಂಜಿ ಹತ್ತುವುದನ್ನು ನೀನು ಕಂಡಿದ್ದೀಯಾ ಮಗಾ?"

ಹೌದು ಎನ್ನಲು ಕಿನ್ನಿ ಬಾಯಿ ತೆರೆದಳು. ಆದರೆ ಅವಳು ಕಂಡದ್ದು ಅವನು ನೀರಿಗೆ ಇಳಿದದ್ದು, ಎದೆಮಟ್ಟಕ್ಕೆ ಹೋಗಿ ಕೈ ಬೀಸಿದ್ದು. ಆಮೇಲೆ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಮನೆಯ ಕಡೆ ಓಡಿದ್ದಳು. ತಿರುಗಿ ನೋಡಿರಲಿಲ್ಲ. ಅವನು ಹೇಳಿದ್ದನ್ನೇ ತಾನು ಕಂಡದ್ದೆಂದು ಮೂರು ವರ್ಷ ನಂಬಿಕೊಂಡು ಬಂದಿದ್ದಳು.

"ಇಲ್ಲ," ಎಂದಳು.

ಮೂರು ವರ್ಷ ಒಂದು ಕಾಗದ ಕೂಡ ಇಲ್ಲವಲ್ಲ, ಮಗುವಿನ ಮಾತು ಹಿಡಿದು ಶುಭಕಾರ್ಯ ನಿಲ್ಲಿಸುವುದೇ ಎಂದು ನೋಣಯ್ಯ ಅಕ್ಕುವಿಗೆ ಸಮಾಧಾನ ಹೇಳಿದ. ಅಕ್ಕು ಮಣೆಯ ಮೇಲಿನ ಮುಂಡು, ಶಾಲು, ಮುಂಡಾಸುಗಳನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಸತ್ತವನಿಗಾದರೆ ಮದುವೆ ಮಾಡಿಸ್ತಿದ್ದೆ. ಸತ್ತಿದ್ದಾನೆ ಅಂತ ಇನ್ನು ನನ್ನ ಬಾಯಿಯಿಂದ ಹೇಳ್ಲಿಕ್ಕೆ ಆಗುವುದಿಲ್ಲ."

ಅವಳು ಮಳೆಗೆ ಇಳಿದಳು. ಅವಳ ಕಡೆಯವರೂ ಒಬ್ಬೊಬ್ಬರಾಗಿ ಎದ್ದುಹೋದರು. ಮುದ್ದು ಒದ್ದೆ ಸೀರೆಯನ್ನು ಮಡಚಲು ನೋಡಿದಳು, ಮಡಚಲಾಗಲಿಲ್ಲ.

"ನನ್ನ ಮಗಳು ಅರ್ಧ ಧಾರೆಯಲ್ಲಿ ಏಳಬೇಕಾಯ್ತಲ್ಲ," ಎಂದಳು. ಯಾರ ಮುಖವನ್ನೂ ನೋಡಲಿಲ್ಲ. ಕಿನ್ನಿಯದನ್ನಂತೂ ಎಷ್ಟೋ ದಿನ ನೋಡಲಿಲ್ಲ.

ಮಳೆಗಾಲ ಕಳೆದ ಮೇಲೆ ಬೊಂಬಾಯಿಯಿಂದ ಬಂದ ಪ್ರತಿ ಮಂಜಿಯವರಲ್ಲೂ ಅಕ್ಕು ಕೇಳಿದಳು. ಅಂಥ ಹುಡುಗನನ್ನು ಕಂಡಿದ್ದೇವೆ ಎಂದವರಿದ್ದರು, ಇಲ್ಲ ಎಂದವರೂ ಇದ್ದರು. ಪೂವಪ್ಪ ಆ ಸಂಜೆ ಮಂಜಿಯವರೆಗೆ ಈಜಿದನೋ, ನಡುಹೊಳೆಯಲ್ಲಿಯೇ ಕೈ ಸೋತನೋ, ಗೊತ್ತಿಲ್ಲ. ಅದು ಯಾರಿಗೂ ಗೊತ್ತಾಗಲಿಲ್ಲ.