ಕೆಳಗಿನ ಮನೆಯ ವೈರು

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಇಂಟರ್ನೆಟ್ ಬರುತ್ತಿಲ್ಲ ಎಂದು ಬಯ್ಯುವವರ ಮಾತನ್ನೆಲ್ಲ ಕೇಳಿ, ಕೊನೆಗೆ ‘ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸಾರ್’ ಎನ್ನುವುದು ಬಸವಂತನ ಕೆಲಸ. ವಾರದಲ್ಲಿ ಆರು ದಿನ ಈ ಸೇವೆ ಸಂಬಳಕ್ಕೆ. ಏಳನೆಯ ದಿನ ಮನೆ ಮಾಲೀಕ ಬೈರಣ್ಣನಿಗೆ, ಪುಕ್ಕಟೆಯಾಗಿ.

ಬಿಟಿಎಂ ಲೇಔಟ್ ಆಗುವ ಮುಂಚೆ ಬೈರಣ್ಣ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ. ಈಗ ಬಾಡಿಗೆ ಬೆಳೆಯುತ್ತಾನೆ. ನೆಲಮಹಡಿಯ ಎರಡು ಕೋಣೆಯ ಮನೆ ಬಾಡಿಗೆಗೆ. ಮೊದಲ ಮಹಡಿಯಲ್ಲಿ ತಾನು, ಹೆಂಡತಿ ಮುನಿವೆಂಕಟಮ್ಮ, ಕಾಲೇಜಿಗೆ ಹೋಗುವ ಮಗಳು ಶೃತಿ. ತಾರಸಿಯ ಮೇಲೆ ಶೀಟು ಹೊದಿಸಿದ ಒಂಟಿ ಕೋಣೆಯಲ್ಲಿ ಬಸವಂತ. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ರೊಟ್ಟಿ ತಾನಾಗಿಯೇ ಬೇಯುತ್ತದೆ ಎಂದು ಅವನು ಗೆಳೆಯರೊಂದಿಗೆ ನಗೆಯಾಡುತ್ತಿದ್ದ. ಹೆಂಡತಿಯ ಮನೆಯವರಿಗೆ ಆ ನಗೆ ರುಚಿಸಿರಲಿಲ್ಲ. ಹೆಂಡತಿ ಜಯಾ ಶ್ರಾವಣದಲ್ಲಿ ಮುಧೋಳದ ತವರಿನಲ್ಲಿ ಹೆಣ್ಣು ಹೆತ್ತಿದ್ದಳು. ಮನೆಯೆಂಬ ಮನೆ ಆಗುವವರೆಗೆ ಮಗಳನ್ನೂ ಕೂಸನ್ನೂ ಕಳಿಸುವುದಿಲ್ಲ ಎಂದು ಮಾವ ತಿಪ್ಪಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ತಪ್ಪೇನೂ ಹೇಳಿರಲಿಲ್ಲ.

ಗಣೇಶನ ಹಬ್ಬದ ದಿನ ಬಸವಂತ ಧೈರ್ಯ ಮಾಡಿ ಬೈರಣ್ಣನ ಮುಂದೆ ಬಾಯಿಬಿಟ್ಟ. ಕೆಳಗಿನ ಮನೆಯವರು ಡಿಸೆಂಬರಿಗೆ ಖಾಲಿ ಮಾಡುತ್ತಾರಂತೆ, ಅದನ್ನು ತನಗೇ ಕೊಡಬೇಕು, ಅವರು ಕೊಡುವ ಬಾಡಿಗೆಯನ್ನೇ ತಾನೂ ಕೊಡುತ್ತೇನೆ ಎಂದ. “ನೋಡನ ಬಿಡಪ್ಪ, ನೀನೇನು ಹೊರಗಿನೋನಾ?” ಎಂದ ಬೈರಣ್ಣ, ಒಳಗೆ ಹೋಗಿ ಎಲೆಅಡಿಕೆ, ಬಾಳೆಹಣ್ಣು, ಅರ್ಧ ಹೋಳು ಕಾಯಿ ತಂದು ಅವನ ಕೈಗಿಟ್ಟ. ಬಸವಂತ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವನ ಊರಿನಲ್ಲಿ ಹೆಣ್ಣು ಗೊತ್ತಾಗುವುದೂ ಎಲೆಅಡಿಕೆಯಿಂದ, ಹೊಲ ಗೊತ್ತಾಗುವುದೂ ಎಲೆಅಡಿಕೆಯಿಂದ. ಮಾತು ಕೇಳಿಕೊಂಡು ಹಿರಿಯರು ಎಲೆಅಡಿಕೆ ಕೈಗಿಟ್ಟರೆ ಮುಗಿಯಿತು, ಪತ್ರ ಬೇಡ, ಸಾಕ್ಷಿ ಬೇಡ. ಅಂದೇ ಊರಿಗೆ ಫೋನು ಹೋಯಿತು. ತಿಪ್ಪಣ್ಣ ಸಂಕ್ರಾಂತಿಯ ಮರುದಿನಕ್ಕೆ ಜೀಪು ಗೊತ್ತುಮಾಡಿದ. ಬಸವಂತ ಬೇರೆ ಮನೆಯನ್ನು ಹುಡುಕಲಿಲ್ಲ. ಹಾಲುಕ್ಕಿಸಲು ಒಂದು ಹಿತ್ತಾಳೆ ಪಾತ್ರೆಯನ್ನು ಕೊಂಡು, ಪೇಪರಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟ.

ಡಿಸೆಂಬರಿನ ಎರಡನೆಯ ಭಾನುವಾರ ಬೆಳಿಗ್ಗೆ ಬೈರಣ್ಣ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ. ಎರಡು ದಿನದಿಂದ ನೆಟ್ಟು ಬರುತ್ತಿಲ್ಲ, ಅರ್ಜೆಂಟಾಗಿ ಒಂದು ಮೇಲ್ ನೋಡಬೇಕು, ಶೃತಿ ಕಾಲೇಜಿನ ಟೂರಿಗೆ ಹೋಗಿದ್ದಾಳೆ, ಬೇಗ ಬಾ ಎಂದ. ಬಸವಂತ ಮುಖ ತೊಳೆದು ಇಳಿದ. ಮನೆ ಕೊಡುವವರ ನೆಟ್ಟು ಕೆಟ್ಟರೆ ತಿಂಡಿ ತಿಂದು ಬರುತ್ತೇನೆ ಎನ್ನಲಾಗುತ್ತದೆಯೇ?

ಮೋಡೆಮ್ಮಿನ ದೀಪಗಳೆಲ್ಲ ಸರಿಯಾಗಿ ಉರಿಯುತ್ತಿದ್ದವು. ಕಂಪ್ಯೂಟರಿನಲ್ಲಿ ಮಾತ್ರ ಯಾವ ಪುಟವೂ ತೆರೆಯುತ್ತಿರಲಿಲ್ಲ. ಪರದೆಯ ಮೇಲೆ ಆಜ್ಞೆ ಟೈಪು ಮಾಡುವ ಕಪ್ಪು ಕಿಟಕಿಯೊಂದನ್ನು ತೆರೆದು, ದೂರದ ಒಂದು ಕಂಪ್ಯೂಟರಿನ ನಂಬರು ಹೊಡೆದು ಕರೆದ. ಓ ಎಂದಿತು. ಅದರ ಹೆಸರು ಹಿಡಿದು ಕರೆದ. ಉತ್ತರವಿಲ್ಲ. ಬೈರಣ್ಣ ಏನಾಗಿದೆ ಎಂದು ಕೇಳಿದ್ದಕ್ಕೆ, ದಾರಿ ಸರಿಯಿದೆ, ವಿಳಾಸ ಹೇಳುವವನು ಇಲ್ಲ ಎಂದ. ಲೇಔಟಿಗೆ ಬಂದವರು ಬೈರಣ್ಣನವರ ಮನೆ ಎಲ್ಲಿ ಎಂದು ಮೂಲೆಯ ಇಸ್ತ್ರಿಯವನನ್ನು ಕೇಳುತ್ತಾರಲ್ಲ, ಹಾಗೆ ಇಂಟರ್ನೆಟ್ಟಿನಲ್ಲೂ ಹೆಸರು ಕೇಳಿ ನಂಬರು ಹೇಳುವವನೊಬ್ಬ ಇರುತ್ತಾನೆ, ಅವನಿಗೆ ಡಿಎನ್‌ಎಸ್ ಅನ್ನುತ್ತಾರೆ, ಅವನು ಜಾಗ ಬಿಟ್ಟಿದ್ದಾನೆ ಎಂದು ಬಿಡಿಸಿ ಹೇಳಿದ.

ಸೆಟ್ಟಿಂಗ್ಸ್ ತೆರೆದಾಗ ಅವನಿಗೇ ನಾಚಿಕೆಯಾಯಿತು. ಅಲ್ಲಿ ಡಿಎನ್‌ಎಸ್ ನಂಬರನ್ನು ಕೈಯಾರೆ ತುಂಬಿಸಿದ್ದವನು ಅವನೇ. ಪುಟಗಳು ಬೇಗ ತೆರೆಯಲಿ, ಬೈರಣ್ಣನಿಗೆ ಖುಷಿಯಾಗಲಿ ಎಂದು ಆಷಾಢದಲ್ಲಿ ಮಾಡಿದ್ದ ಉಪಕಾರ ಅದು. ತಮ್ಮದೇ ಆದ ಆ ನಂಬರಿನ ಯಂತ್ರವನ್ನು ಈ ವಾರ ತೆಗೆದುಹಾಕುವುದಾಗಿ ಆಫೀಸಿನಲ್ಲಿ ಸುತ್ತೋಲೆ ಬಂದಿತ್ತು. ಓದಿ ಸಹಿ ಹಾಕಿದ್ದ, ಮರೆತಿದ್ದ. ಈಗ ತುಟಿಪಿಟಕ್ಕೆನ್ನದೆ ನಂಬರು ಅಳಿಸಿ, ಕಂಪ್ಯೂಟರು ತಾನೇ ಹುಡುಕಿಕೊಳ್ಳಲಿ ಎಂದು ಬಿಟ್ಟ. ಪುಟಗಳು ತೆರೆದವು.

“ಬಂತಾ? ಭೇಷ್. ಆ ಮೇಲ್ ತೆಗ್ದು ಓದಪ್ಪ, ಇಂಗ್ಲಿಷ್ ನಂಗೆಲ್ಲಿ ಬತ್ತದೆ?” ಎಂದು ಬೈರಣ್ಣ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಬಸವಂತ ಓದಿದ. ಬನ್ನೇರುಘಟ್ಟ ರಸ್ತೆಯ ಯಾವುದೋ ಕಂಪನಿ ಬರೆದಿತ್ತು. ಮೊದಲ ಸಾಲನ್ನು ಕನ್ನಡದಲ್ಲಿ ಹೇಳಿದ: ತಮ್ಮ ಕಟ್ಟಡವನ್ನು ನೋಡಿ ಒಪ್ಪಿದ್ದೇವೆ. ಎರಡನೆಯ ಸಾಲನ್ನೂ ಹೇಳಿದ: ಅತಿಥಿಗೃಹಕ್ಕಾಗಿ ನೆಲಮಹಡಿಯ ಎರಡು ಕೋಣೆಯ ಮನೆಯನ್ನು ಜನವರಿ ಒಂದರಿಂದ ಮೂರು ವರ್ಷಕ್ಕೆ ಪಡೆಯುತ್ತೇವೆ. ಎರಡನೆಯ ಸಾಲನ್ನೇ ಮತ್ತೊಮ್ಮೆ ತನ್ನಷ್ಟಕ್ಕೆ ಓದಿಕೊಂಡ. ಬೈರಣ್ಣ ‘ಮುಂದೆ, ಮುಂದೆ’ ಎಂದ. ಕರಾರು ಪತ್ರ ಲಗತ್ತಿಸಿದೆ, ಇಂದೇ ಒಪ್ಪಿಗೆ ತಿಳಿಸಿ ಎಂದಿತ್ತು. ಅದನ್ನೂ ಹೇಳಿದ.

“ಒಪ್ಪಿಗೆ ಅಂತ ಬರ್ದು ಕಳ್ಸು” ಎಂದ ಬೈರಣ್ಣ.

“ಅಣ್ಣಾರ, ಆ ಮನಿ ನನಗ ಕೊಡ್ತೀನಿ ಅಂದಿದ್ರಿ. ಎಲಿ ಅಡಿಕಿ ಕೊಟ್ಟಿದ್ರಿ.”

ಬೈರಣ್ಣ ಅವನನ್ನು ನೋಡಿದ. ಆ ಮುಖದಲ್ಲಿ ಮೋಸವಿರಲಿಲ್ಲ. ಇದ್ದಿದ್ದರೆ ಬಯ್ಯಬಹುದಿತ್ತು. ಅಲ್ಲಿದ್ದದ್ದು ಅಚ್ಚರಿ ಮಾತ್ರ.

“ಹಬ್ಬದ ದಿನ ಬಂದೋರನ್ನ ಬರಿಗೈಲಿ ಕಳಿಸ್ತಾರೇನಪ್ಪ? ಹಾಲಿನೋನಿಗೂ ಕೊಟ್ಟಿದೀವಿ, ಪೇಪರ್‌ನೋನಿಗೂ ಕೊಟ್ಟಿದೀವಿ. ಅವ್ರಿಗೆಲ್ಲ ಮನೆ ಬರ್ಕೊಟ್ನಾ?”

ಬಸವಂತ ಪರದೆಯ ಕಡೆ ತಿರುಗಿದ. ಬೆರಳುಗಳು ಆಡಿದವು. ಒಪ್ಪಿಗೆ ಎಂದು ಬರೆದ, ಕಳಿಸಿದ. ಬರೆಯದಿದ್ದರೆ ಶೃತಿ ಬಂದು ಬರೆಯುತ್ತಿದ್ದಳು. ಬಾಗಿಲು ಹಾಕಿದೆಯೆಂದು ವಾಪಸ್ಸು ಹೋಗಲು ಮೇಲ್ ಏನು ಕೊರಿಯರ್‌ನವನೇ? ಮುನಿವೆಂಕಟಮ್ಮ ತಂದುಕೊಟ್ಟ ಕಾಫಿಯನ್ನೂ ಕುಡಿದ. ಆ ಕಾಫಿ ಕುಡಿದದ್ದಕ್ಕೆ ಅವನು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ.

ಸಂಜೆ ಮಾವನಿಗೆ ಫೋನು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದ. ತಿಪ್ಪಣ್ಣ ಪೂರಾ ಕೇಳಿಸಿಕೊಂಡ, ದನಿ ಏರಿಸಲಿಲ್ಲ. “ಎಲಿ ಅಡಿಕಿ ಕೊಟ್ಟ ಮ್ಯಾಲ ಯಾರೂ ಮಾತ ಮುರಿಯಂಗಿಲ್ಲ. ಅವರು ಕೊಟ್ಟೇ ಇಲ್ಲ. ನೀ ನಮಗ ಸುಳ್ಳ ಹೇಳಿದಿ” ಎಂದು ಫೋನನ್ನು ಮಗಳ ಕೈಗೆ ಕೊಟ್ಟ. ಹಿಂದೆ ಕೂಸು ಅಳುತ್ತಿತ್ತು.

“ಖರೇ ಹೇಳ್ರಿ” ಎಂದಳು ಜಯಾ. “ಕೊಟ್ಟಿದ್ರೇನು?”

ಕೊಟ್ಟಿದ್ದರು ಎಂದ. ಮುಂದಕ್ಕೆ ಏನು ಹೇಳಿದರೂ ಅದು ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು. ಜೀಪಿನವನಿಗೆ ಬೇಡವೆಂದು ಹೇಳುತ್ತೇವೆ ಎಂದಳು ಜಯಾ, ಫೋನಿಟ್ಟಳು.

ಹೊಸ ವರ್ಷದ ಮೊದಲ ಭಾನುವಾರ ಮೆಟ್ಟಿಲ ಬುಡದಿಂದ ಮತ್ತೆ ಕೂಗು ಬಂತು. ಕಂಪನಿಯವರು ಬಂದಿದ್ದಾರೆ, ಅವರಿಗೂ ನೆಟ್ಟು ಬೇಕಂತೆ, ನಮ್ಮ ಮೋಡೆಮ್ಮಿನಿಂದಲೇ ಕೆಳಗಿನ ಮನೆಗೆ ಒಂದು ವೈರು ಎಳೆದುಕೊಡು ಎಂದ ಬೈರಣ್ಣ. ಬಸವಂತ ಮಂಚದ ಕೆಳಗೆ ಕೈಹಾಕಿದ. ವೈರಿನ ಸುರುಳಿಗಿಂತ ಮೊದಲು ಪೇಪರು ಸುತ್ತಿದ ಪಾತ್ರೆ ಕೈಗೆ ತಗಲಿತು. ಅದನ್ನು ಪಕ್ಕಕ್ಕೆ ಸರಿಸಿ ಸುರುಳಿಯನ್ನು ಎಳೆದುಕೊಂಡ.

“ಬಂದ್ನಿರೀ ಅಣ್ಣಾರ” ಎಂದು ಇಳಿದ.